ಮಠದ ಗೋಡೆಯ ಮೇಲೆ ಅಮೂರ್ತ ಚಿತ್ರ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಯೂರೋಪಿನ ಪುರಾತನ ಕ್ರೈಸ್ತ ಮಠಗಳಲ್ಲಿ ಇಂದಿನ ಅಮೂರ್ತ ಕಲೆಯನ್ನು, ಅಂದರೆ ಗುರುತಿಸಬಹುದಾದ ಆಕೃತಿಗಳಿಲ್ಲದೆ ಬಣ್ಣ, ರೇಖೆಗಳಿಂದಲೇ ಆದ ಕಲೆಯನ್ನು, ಪ್ರದರ್ಶಿಸುತ್ತಿರುವ ಬಗ್ಗೆ ಒಂದು ಚಿಕ್ಕ ಟಿಪ್ಪಣಿ ಪ್ರಕಟವಾಗಿತ್ತು. ಅದನ್ನು ಓದಿ ಗೋವಾ, ಪುಣೆ ಮತ್ತು ಮುಂಬಯಿಯ ಕನ್ನಡಿಗರು ಕಳುಹಿಸಿದ ಪ್ರಶ್ನೆಗಳಲ್ಲಿ ಐದನ್ನು ಇಲ್ಲಿ ಆಯ್ದುಕೊಳ್ಳಲಾಗಿದೆ.

ಪ್ರಶ್ನೆ: ನಾವು ಗದಗ ಕಡೆಯವರು, ವಾಸ್ಕೋದಲ್ಲಿ ನೆಲೆಸಿ ಬಹಳ ವರ್ಷಗಳಾದವು. ಊರಿನಿಂದ ನೆಂಟರು ಬಂದಾಗಲೆಲ್ಲ ಹಳೆ ಗೋವಾದ ಇಗರ್ಜಿಗಳನ್ನು (ಚರ್ಚುಗಳನ್ನು) ತೋರಿಸುತ್ತೇವೆ. ಅಲ್ಲಿನ ಸಂತರ ಮೂರ್ತಿಗಳನ್ನೂ ಚಿನ್ನದ ಲೇಪದ ಬಲಿಪೀಠಗಳನ್ನೂ ನೋಡಿ ಎಲ್ಲರೂ ಕೈಮುಗಿಯುತ್ತಾರೆ. ಅಂಥ ಮಠದ ಗೋಡೆಯ ಮೇಲೆ ಯಾವ ಆಕಾರವೂ ಇಲ್ಲದ ಬಣ್ಣದ ಪಟ್ಟೆಗಳನ್ನು ತೂಗುಹಾಕಿದರೆ ಆ ಸ್ಥಳಕ್ಕೆ ಅಪಚಾರವಾಗುವುದಿಲ್ಲವೇ? ಅಲ್ಲಿ ಪ್ರಾರ್ಥಿಸಿದವರ ಭಾವನೆಗೆ ಬೆಲೆ ಬೇಡವೇ?

ಉತ್ತರ: ನಿಮ್ಮ ಆತಂಕದ ಮೂಲದಲ್ಲಿ ಸ್ಥಳದ ಬಗೆಗಿನ ಮರ್ಯಾದೆ ಇದೆ, ಆದ್ದರಿಂದ ಇದಕ್ಕೆ ವಿವರವಾಗಿಯೇ ಉತ್ತರಿಸಬೇಕು. ಹಳೆ ಗೋವಾದಲ್ಲಿ ನಾವು ಕಾಣುವ ಹೊಳೆಯುವ ಬಲಿಪೀಠಗಳು ಪೋರ್ಚುಗೀಸರ ಕಾಲದ ಅಭಿರುಚಿಯಿಂದ ಬಂದವು. ಕ್ರೈಸ್ತ ಮಠಗಳ ಪರಂಪರೆ ಅದಕ್ಕಿಂತ ಬಹಳ ಹಳೆಯದು, ಮತ್ತು ಪ್ರಾರ್ಥನೆಯ ಜಾಗದಲ್ಲಿ ಚಿತ್ರಗಳು ಆದಷ್ಟು ಕಡಿಮೆ ಇರಬೇಕೆಂದು ಬಯಸಿದ ಒಂದು ಬಲವಾದ ಧಾರೆ ಅದರೊಳಗೇ ಹರಿದಿದೆ. 12ನೆಯ ಶತಮಾನದ ಫ್ರಾನ್ಸಿನಲ್ಲಿ ಬೆಳೆದ ಸಿಸ್ಟರ್ಸಿಯನ್ ಎಂಬ ಕ್ರೈಸ್ತ ಪಂಥದ ಸನ್ಯಾಸಿಗಳು, ದೇವಾಲಯದ ಕಿಟಕಿಗಳ ಗಾಜು ಬಿಳಿಯದಾಗಿರಬೇಕು, ಅದರಲ್ಲಿ ಶಿಲುಬೆಯಾಗಲಿ ಚಿತ್ರವಾಗಲಿ ಇರಕೂಡದು ಎಂದು ತಮ್ಮ ಕಟ್ಟಳೆಯಲ್ಲಿಯೇ ಬರೆದುಕೊಂಡರು. ಆ ಕಟ್ಟಳೆಗೆ ಒಳಪಟ್ಟು ಕೆಲಸ ಮಾಡಿದ ಕುಶಲಿಗಳು ಗಾಜಿನ ತುಂಡುಗಳನ್ನು ಹಿಡಿದಿಡುವ ಸೀಸದ ಪಟ್ಟಿಗಳನ್ನೇ ಬಳ್ಳಿಯಾಗಿ, ಗಂಟಾಗಿ, ಹೆಣಿಗೆಯಾಗಿ ಬಾಗಿಸಿದರು; ಫ್ರಾನ್ಸಿನ ಒಬಜ಼ೀನ್ ಮಠದಲ್ಲಿ ಅಂಥ ಕೆಲವು ಕಿಟಕಿಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ ಕಥೆಯಿಲ್ಲ, ಸಂತರಿಲ್ಲ. ಬೆಳಕು ಮತ್ತು ರೇಖೆ ಮಾತ್ರ ಇವೆ.

ಇನ್ನೊಂದು ಉದಾಹರಣೆ ಇಟಲಿಯ ಫ್ಲಾರೆನ್ಸ್ ನಗರದ ಸಾನ್ ಮಾರ್ಕೋ ಮಠದ್ದು. ಡೊಮಿನಿಕನ್ ಪಂಥದ ಸನ್ಯಾಸಿಯೂ ಚಿತ್ರಕಾರನೂ ಆಗಿದ್ದ ಫ್ರಾ ಆಂಜೆಲಿಕೋ 1440ರ ಆಸುಪಾಸಿನಲ್ಲಿ ಅಲ್ಲಿನ ಸನ್ಯಾಸಿಗಳ ಕೋಣೆಗಳಲ್ಲಿಯೂ ಮೊಗಸಾಲೆಗಳಲ್ಲಿಯೂ ಭಿತ್ತಿಚಿತ್ರಗಳನ್ನು ಬರೆದನು. ಮೇಲಿನ ಅಂತಸ್ತಿನ ಮೊಗಸಾಲೆಯಲ್ಲಿ ಮರಿಯಮ್ಮ ಮತ್ತು ಬಾಲಯೇಸುವಿನ ಒಂದು ಚಿತ್ರವಿದೆ. ಅದರ ಕೆಳಗೆ, ನಿಂತವರ ಕಣ್ಣಿನ ಎತ್ತರಕ್ಕೆ, ಅಮೃತಶಿಲೆಯ ಫಲಕಗಳನ್ನು ನೆನಪಿಸುವಂತೆ ಬಣ್ಣ ಬಳಿದು, ಅದರ ಮೇಲೆ ಕುಂಚದಿಂದ ಬಣ್ಣವನ್ನು ಚಿಮುಕಿಸಿದ ನಾಲ್ಕು ಚೌಕಗಳಿವೆ. ಶತಮಾನಗಳ ಕಾಲ ಜನರು ಮೇಲಿನ ದೇವಮಾತೆಯನ್ನು ನೋಡಿದರೇ ವಿನಾ ಈ ಚಿಮುಕಿದ ಬಣ್ಣವನ್ನು ಅಲಂಕಾರವೆಂದು ಬಿಟ್ಟು ನಡೆದರು. ಕಲಾ ಇತಿಹಾಸಕಾರರು ಅದರ ಮುಂದೆ ನಿಂತು ಯೋಚಿಸತೊಡಗಿದ್ದು 20ನೆಯ ಶತಮಾನದ ಕೊನೆಯ ದಶಕಗಳಲ್ಲಿ, ಜಾಕ್ಸನ್ ಪೊಲಾಕ್‌ನಂಥ ಅಮೆರಿಕನ್ ಚಿತ್ರಕಾರರು ಬಣ್ಣವನ್ನು ಹನಿಸಿ, ಎರಚಿ ಚಿತ್ರ ಮಾಡಿದ್ದನ್ನು ಲೋಕವೆಲ್ಲ ಕಂಡ ಮೇಲೆ. ನನ್ನ ದೃಷ್ಟಿಯಲ್ಲಿ ಇದು ಬಹಳ ಮುಖ್ಯವಾದ ಸಂಗತಿ. ಭಕ್ತನಾಗಿದ್ದ ಒಬ್ಬ ಸನ್ಯಾಸಿಯೇ, ತನ್ನ ಸಹಸನ್ಯಾಸಿಗಳು ದಿನವೂ ಹಾದುಹೋಗುವ ಜಾಗದಲ್ಲಿ, ದೇವರ ಚಿತ್ರದ ಬುಡಕ್ಕೆ ಆಕಾರವಿಲ್ಲದ ಬಣ್ಣವನ್ನು ಇಟ್ಟನು, ಮತ್ತು ಅದನ್ನು ಯಾರೂ ಅಪಚಾರವೆಂದು ಕೆರೆದು ತೆಗೆಯಲಿಲ್ಲ.

ನಮ್ಮ ಕಾಲದಲ್ಲಿ ಈ ಸಂಬಂಧವನ್ನು ಅತ್ಯಂತ ಶ್ರದ್ಧೆಯಿಂದ ಮುಂದುವರಿಸಿದವರು ಪಿಯೆರ್ ಸುಲಾಜ್ ಎಂದು ನಾನು ನಂಬುತ್ತೇನೆ. ದಕ್ಷಿಣ ಫ್ರಾನ್ಸಿನ ರೊಡೇಜ಼್ ಎಂಬ ಊರಿನಲ್ಲಿ ಹುಟ್ಟಿದ ಈ ಚಿತ್ರಕಾರರು ಬಾಲ್ಯದಲ್ಲಿಯೇ ಸಮೀಪದ ಕೊಂಕ್ ಗ್ರಾಮದ ಸೇಂಟ್ ಫಾಯ್ ಮಠದ ದೇವಾಲಯವನ್ನು ಕಂಡು ಮನಸೋತಿದ್ದರು. ಮುಂದೆ ಅದೇ ದೇವಾಲಯದ 104 ಕಿಟಕಿಗಳಿಗೆ ಗಾಜು ರೂಪಿಸುವ ಕೆಲಸ ಅವರ ಪಾಲಿಗೆ ಬಂದಾಗ, 1987ರಿಂದ 1994ರವರೆಗೆ ಅದಕ್ಕಾಗಿ ದುಡಿದರು. ಬೇಕಾದ ಗಾಜು ಮಾರುಕಟ್ಟೆಯಲ್ಲಿ ಸಿಗದಿದ್ದುದರಿಂದ ಗಾಜನ್ನೇ ಹೊಸದಾಗಿ ತಯಾರಿಸಿಕೊಂಡರು. ಆ ಗಾಜು ಬೆಳಕನ್ನು ಒಳಗೆ ಬಿಡುತ್ತದೆ, ಆದರೆ ಹೊರಗಿನ ಮರವನ್ನಾಗಲಿ ಮನೆಯನ್ನಾಗಲಿ ಕಾಣಗೊಡುವುದಿಲ್ಲ; ಅದಕ್ಕೆ ಬಣ್ಣ ಹಾಕಿಲ್ಲ, ಆದರೂ ಹೊತ್ತು ಏರಿದಂತೆ, ಇಳಿದಂತೆ ಒಮ್ಮೆ ನಸುನೀಲಿಯಾಗಿಯೂ ಒಮ್ಮೆ ಕಿತ್ತಳೆ ಛಾಯೆಯಾಗಿಯೂ ತೋರುತ್ತದೆ. ಸುಲಾಜ್ ತಮ್ಮ ಹೆಸರನ್ನು ಮೆರೆಸುವುದಕ್ಕಾಗಿ ಆ ಗೋಡೆಗಳನ್ನು ಬಳಸಿಕೊಳ್ಳಲಿಲ್ಲ. ಸುಮಾರು ಒಂಬತ್ತು ಶತಮಾನಗಳ ಹಿಂದಿನ ಕಲ್ಲಿಗೆ ಎಂಥ ಬೆಳಕು ಹೊಂದುತ್ತದೆ ಎಂಬುದನ್ನು ಮೊದಲು ಅಭ್ಯಾಸ ಮಾಡಿ, ಬಳಿಕ ರೇಖೆ ಎಳೆದರು.

ಜರ್ಮನಿಯ ಅತಿ ಹಳೆಯ ಮಠಗಳಲ್ಲಿ ಒಂದಾದ ಥೋಲೈ ಎಂಬ ಬೆನೆಡಿಕ್ಟೈನ್ ಪಂಥದ ಮಠದಲ್ಲಿ 2020ರಲ್ಲಿ ಜರ್ಮನ್ ಚಿತ್ರಕಾರ ಗೆರ್ಹಾರ್ಡ್ ರಿಕ್ಟರ್ ರೂಪಿಸಿದ ಮೂರು ಎತ್ತರದ ಕಿಟಕಿಗಳನ್ನು ಅಳವಡಿಸಲಾಯಿತು. ಅವರದೇ ಒಂದು ಅಮೂರ್ತ ಚಿತ್ರದ ಬಿಂಬವನ್ನು ಕಂಪ್ಯೂಟರಿನಲ್ಲಿ ಸೀಳಿ, ಕನ್ನಡಿಯ ಬಿಂಬದಂತೆ ಮತ್ತೆ ಮತ್ತೆ ಮಡಚಿ ಪಡೆದ ವಿನ್ಯಾಸಗಳು ಅವು. ಅದೇ ದೇವಾಲಯದ ಉಳಿದ ಕಿಟಕಿಗಳಲ್ಲಿ ಸಂತರ ಆಕೃತಿಗಳಿವೆ. ಅವುಗಳನ್ನು ಬರೆದವರು ಆಫ್ಘಾನಿಸ್ತಾನದಲ್ಲಿ ಹುಟ್ಟಿದ, ಮುಸ್ಲಿಂ ಮನೆತನದ ಕಲಾವಿದೆ ಮಹಬೂಬಾ ಮಖ್ಸೂದಿ. ಮೂರ್ತವೂ ಅಮೂರ್ತವೂ ಒಂದೇ ಸೂರಿನಡಿ ಇರಬಹುದೆಂದು ಅಲ್ಲಿನ ಸನ್ಯಾಸಿಗಳು ತೀರ್ಮಾನಿಸಿದ್ದು ನನಗೆ ತುಂಬ ಮೆಚ್ಚುಗೆಯಾದ ವಿಷಯ.

ಆದರೂ ನಿಮ್ಮ ಆಕ್ಷೇಪಕ್ಕೆ ಜೊತೆಗಾರರಿಲ್ಲವೆಂದು ತಿಳಿಯಬೇಡಿ. ಇದೇ ರಿಕ್ಟರ್ 2007ರಲ್ಲಿ ಕಲೋನ್ ನಗರದ ಮಹಾದೇವಾಲಯಕ್ಕೆ 72 ಬಣ್ಣಗಳ ಸುಮಾರು 11,000 ಗಾಜಿನ ಚೌಕಗಳಿಂದ ಒಂದು ಕಿಟಕಿಯನ್ನು ಮಾಡಿಕೊಟ್ಟಾಗ, ಅಲ್ಲಿನ ಕಾರ್ಡಿನಲ್ (ಕ್ಯಾಥೊಲಿಕ್ ಸಭೆಯ ಹಿರಿಯ ಧರ್ಮಾಧಿಕಾರಿ) ಯೋಆಖಿಮ್ ಮೈಸ್ನರ್ ಅವರು ಇದು ಮಸೀದಿಗೋ ಬೇರೊಂದು ಪ್ರಾರ್ಥನಾಗೃಹಕ್ಕೋ ಹೆಚ್ಚು ಒಪ್ಪುತ್ತದೆ ಎಂದು ಬಹಿರಂಗವಾಗಿಯೇ ಅಸಮಾಧಾನ ತೋರಿದರು. ಅವರ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ, ಆದರೆ ಆ ಪ್ರಶ್ನೆಯನ್ನು ಕೇಳುವ ಹಕ್ಕು ಅಲ್ಲಿ ಪ್ರಾರ್ಥಿಸುವವರಿಗೆ ಇದ್ದೇ ಇದೆ. ಅಪಚಾರವಾಗುವುದು ಯಾವಾಗ ಎಂದರೆ, ಮಠವನ್ನು ಕೇವಲ ಅಂದದ ಹಿನ್ನೆಲೆಯಾಗಿ ಬಳಸಿಕೊಂಡಾಗ: ಬಲಿಪೀಠಕ್ಕೆ ಪರದೆ ಎಳೆದು, ಕಮಾನುಗಳ ನಡುವೆ ಕಣ್ಣು ಕುಕ್ಕುವ ದೀಪ ಹಾಕಿ, ಸಮಾಧಿಕಲ್ಲುಗಳ ಮೇಲೆ ಮೇಜು ಹರಡಿ ಸಂತೋಷಕೂಟ ನಡೆಸಿದಾಗ. ಅಂಥಲ್ಲಿ ಗೋಡೆಯ ಮೇಲೆ ಸಂತರ ಚಿತ್ರವನ್ನೇ ತೂಗುಹಾಕಿದ್ದರೂ ಅದು ಅಪಚಾರವೇ.

ನೀವು ಮುಂದಿನ ಬಾರಿ ಹಳೆ ಗೋವಾಕ್ಕೆ ಹೋದಾಗ ದೊಡ್ಡ ಇಗರ್ಜಿಗಳಿಂದ ಸ್ವಲ್ಪ ಮೇಲಕ್ಕೆ ನಡೆದು ಸಾಂತಾ ಮೋನಿಕಾ ಕಾನ್ವೆಂಟನ್ನು ನೋಡಬೇಕೆಂದು ಸೂಚಿಸುತ್ತೇನೆ. 1606ರಲ್ಲಿ ಆರಂಭವಾಗಿ 1627ರಲ್ಲಿ ಪೂರ್ಣಗೊಂಡ ಈ ಸನ್ಯಾಸಿನಿಯರ ಮಠ ಏಷ್ಯಾದ ಅತಿ ಹಳೆಯ ಕಾನ್ವೆಂಟುಗಳಲ್ಲಿ ಒಂದು. 1830ರ ದಶಕದಲ್ಲಿ ಪೋರ್ಚುಗಲ್ ಸರ್ಕಾರವು ಧಾರ್ಮಿಕ ಸಂಘಗಳನ್ನು ರದ್ದುಗೊಳಿಸಿದ ಮೇಲೆ ಇಲ್ಲಿ ಹೊಸಬರನ್ನು ಸೇರಿಸಿಕೊಳ್ಳುವಂತಿರಲಿಲ್ಲ. ಇದ್ದವರು ಒಬ್ಬೊಬ್ಬರಾಗಿ ತೀರಿಕೊಂಡು, 1885ರಲ್ಲಿ ಕೊನೆಯ ಸನ್ಯಾಸಿನಿಯೂ ಇಲ್ಲವಾದರು. ಗೋವಾದ ಸಾಲ್ಸೆಟ್ ತಾಲೂಕಿನಲ್ಲಿ ಪಾದ್ರಿಗಳಿಗೆ ಶಿಕ್ಷಣ ನೀಡುವ ರಾಶೋಲ್ ಸೆಮಿನರಿಯಲ್ಲಿ 1994ರಲ್ಲಿ ಆರಂಭವಾದ ಕ್ರೈಸ್ತ ಕಲಾ ಸಂಗ್ರಹಾಲಯವು 2002ರಲ್ಲಿ ಸಾಂತಾ ಮೋನಿಕಾಕ್ಕೆ ಸ್ಥಳಾಂತರಗೊಂಡಿತು. ಅಲ್ಲಿರುವುದು ದಂತದ, ಬೆಳ್ಳಿಯ, ಮರದ ಪುರಾತನ ವಸ್ತುಗಳು, ಅಮೂರ್ತ ಕಲೆಯಲ್ಲ. ಆದರೂ ಆ ದಪ್ಪ ಗೋಡೆಗಳ ನಡುವೆ ಸ್ವಲ್ಪ ಹೊತ್ತು ಕಳೆದರೆ, ಒಂದು ಖಾಲಿ ಗೋಡೆಯನ್ನು ದಿನವೂ ನೋಡುತ್ತ ಬದುಕಿದವರಿಗೆ ಬೆಳಕಿನ ಸಣ್ಣ ಬದಲಾವಣೆಯೂ ಎಷ್ಟು ದೊಡ್ಡದಾಗಿ ಕಂಡಿರಬೇಕೆಂಬುದು ತಿಳಿಯುತ್ತದೆ. ಅಮೂರ್ತ ಚಿತ್ರ ಕೇಳುವುದೂ ಅಂಥ ನೋಟವನ್ನೇ.

ಪ್ರಶ್ನೆ: ಪುಣೆಯಿಂದ ಭಾಜಾ, ಕಾರ್ಲೆ ಗುಹೆಗಳಿಗೆ ಚಾರಣಕ್ಕೆ ಹೋಗುತ್ತಿರುತ್ತೇವೆ. ಅವೂ ಭಿಕ್ಷುಗಳ ಮಠಗಳೇ ಅಲ್ಲವೇ? ಯೂರೋಪಿನಂತೆ ಅಲ್ಲಿಯೂ ಚಿತ್ರ ಪ್ರದರ್ಶನ ಏಕೆ ನಡೆಸಬಾರದು?

ಉತ್ತರ: ಮಠಗಳೇ, ಅನುಮಾನವಿಲ್ಲ. ಆದರೆ ಪ್ರದರ್ಶನ ನಡೆಸುವುದು ಸುಲಭವೂ ಅಲ್ಲ, ನನ್ನ ಮಟ್ಟಿಗೆ ಅಪೇಕ್ಷಣೀಯವೂ ಅಲ್ಲ. ಇವು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ರಕ್ಷಿತವಾದ ತಾಣಗಳು. ರಕ್ಷಿತ ಸ್ಮಾರಕದಲ್ಲಿ ಸಭೆ, ಸಮಾರಂಭ, ಮನರಂಜನೆಗಳನ್ನು ಕೇಂದ್ರ ಸರ್ಕಾರದ ಲಿಖಿತ ಅನುಮತಿಯಿಲ್ಲದೆ ನಡೆಸುವಂತಿಲ್ಲ. ಕಾನೂನನ್ನು ಬದಿಗಿಟ್ಟರೂ, ಎರಡು ಸಾವಿರ ವರ್ಷಗಳಷ್ಟು ಹಳೆಯ ಮರದ ತೊಲೆಗಳು ಕಾರ್ಲೆಯ ಚೈತ್ಯದ (ಬೌದ್ಧ ಪ್ರಾರ್ಥನಾ ಮಂದಿರದ) ಚಾವಣಿಯಲ್ಲಿ ಇನ್ನೂ ಉಳಿದಿರುವಾಗ, ದೀಪದ ಬಿಸಿ, ತಂತಿ, ಏಣಿಗಳನ್ನು ಅದರೊಳಗೆ ಒಯ್ಯುವ ಯೋಚನೆಯೇ ಸರಿಯಲ್ಲ.

ಇನ್ನೂ ಒಂದು ಕಾರಣವಿದೆ. ಭಾಜಾದ ಚೈತ್ಯ ಕ್ರಿಸ್ತಪೂರ್ವ 2ನೆಯ ಶತಮಾನದ್ದು. ಆ ಕಾಲದ ಬೌದ್ಧ ಶಿಲ್ಪದಲ್ಲಿ ಬುದ್ಧನನ್ನು ಮನುಷ್ಯರೂಪದಲ್ಲಿ ತೋರಿಸುತ್ತಿರಲಿಲ್ಲ. ಚೈತ್ಯದ ಕೊನೆಯಲ್ಲಿ ನಿಮಗೆ ಕಾಣುವುದು ಒಂದು ಸ್ತೂಪ: ದುಂಡನೆಯ ಪೀಠ, ಅದರ ಮೇಲೆ ಒಂದು ಅರ್ಧಗೋಲ, ಅಷ್ಟೇ. ಗುಹೆಗಳ ಸಾಲಿನಲ್ಲಿ ಸ್ವಲ್ಪ ಮುಂದೆ ನಡೆದರೆ 14 ಸಣ್ಣ ಸ್ತೂಪಗಳು ಒಂದಕ್ಕೊಂದು ಅಂಟಿಕೊಂಡಂತೆ ನಿಂತಿವೆ. ಕಾರ್ಲೆಯಲ್ಲಿ ಬುದ್ಧನ ಮೂರ್ತಿಗಳನ್ನು ಮುಂಭಾಗದ ಗೋಡೆಯ ಮೇಲೆ ಕೆತ್ತಿದ್ದು ಶತಮಾನಗಳ ಅನಂತರ. ಒಳಗಿನ ಸ್ತೂಪ ಮಾತ್ರ ಹಾಗೆಯೇ ಬೋಳಾಗಿ ಉಳಿಯಿತು. ಕುದುರೆಲಾಳದ ಆಕಾರದ ದೊಡ್ಡ ಕಿಟಕಿಯಿಂದ ಬರುವ ಬೆಳಕು ಆ ಬೋಳು ಕಲ್ಲಿನ ಮೇಲೆ ಬೀಳುವುದನ್ನು ಕಂಡವರು, ಅಲ್ಲಿಗೆ ಬೇರೆ ಅಮೂರ್ತ ಕೃತಿಯನ್ನು ತರಬೇಕೆಂದು ಕೇಳಲಾರರು. ತಂದಿಡುವ ಯಾವ ಕ್ಯಾನ್ವಾಸಾದರೂ ಅದರ ಮುಂದೆ ಅನಗತ್ಯವೆನಿಸುತ್ತದೆ.

ಪ್ರಶ್ನೆ: ನಾನು ಡೊಂಬಿವಲಿಯ ಶಿಕ್ಷಕಿ. ಮಕ್ಕಳನ್ನು ಚಿತ್ರ ಪ್ರದರ್ಶನಕ್ಕೆ ಕರೆದುಕೊಂಡು ಹೋದಾಗ ಅಮೂರ್ತ ಚಿತ್ರದ ಮುಂದೆ ನಿಂತು "ಟೀಚರ್, ಇದು ಏನು?" ಎಂದು ಕೇಳುತ್ತಾರೆ. ನನಗೆ ಉತ್ತರ ಹೊಳೆಯುವುದಿಲ್ಲ. ಏನು ಹೇಳಬೇಕು?

ಉತ್ತರ: ಮಕ್ಕಳ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ "ಇದು ಸಮುದ್ರ, ಇದು ದುಃಖ" ಎಂದು ಏನಾದರೊಂದು ಹೆಸರನ್ನು ಕೊಟ್ಟು ಮುಗಿಸಬೇಡಿ ಎಂಬುದಷ್ಟೇ ನನ್ನ ಕೋರಿಕೆ, ಏಕೆಂದರೆ ಹೆಸರು ಸಿಕ್ಕಿದ ಕ್ಷಣ ನೋಟ ನಿಲ್ಲುತ್ತದೆ. "ಇದನ್ನು ಹೇಗೆ ಮಾಡಿರಬಹುದು?" ಎಂದು ಅವರನ್ನೇ ಮರಳಿ ಕೇಳಿ. ಯಾವ ಬಣ್ಣ ಮೊದಲು ಬಂತು, ಯಾವುದು ಅದರ ಮೇಲೆ ಬಂತು, ಎಲ್ಲಿ ಕೆರೆದಿದ್ದಾರೆ, ಎಲ್ಲಿ ಒರೆಸಿದ್ದಾರೆ ಎಂಬುದನ್ನು ಮಕ್ಕಳು ದೊಡ್ಡವರಿಗಿಂತ ಬೇಗ ಗುರುತಿಸುತ್ತಾರೆ.

ಇದಕ್ಕೆ ವಾಸುದೇವ ಸಂತು ಗಾಯ್ತೊಂಡೆ ಅವರ ಚಿತ್ರಗಳಿಗಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಗೋವಾ ಮೂಲದ ತಂದೆತಾಯಿಗೆ 1924ರಲ್ಲಿ ನಾಗಪುರದಲ್ಲಿ ಹುಟ್ಟಿದ ಅವರು, ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಯಲ್ಲಿ 1948ರಲ್ಲಿ ಡಿಪ್ಲೊಮಾ ಪಡೆದರು. ಆರಂಭದಲ್ಲಿ ಆಕೃತಿಗಳನ್ನೇ ಬರೆಯುತ್ತಿದ್ದವರು ಕ್ರಮೇಣ ಅವುಗಳನ್ನು ತೊರೆದರು. ಝೆನ್ ಬೌದ್ಧ ಚಿಂತನೆಯಲ್ಲಿ ಅವರಿಗೆ ಆಳವಾದ ಆಸಕ್ತಿಯಿತ್ತು. ರೋಲರ್ ಮತ್ತು ಬಣ್ಣದ ಚಾಕುವಿನಿಂದ ತೆಳುವಾದ ಪದರಗಳನ್ನು ಹರಡಿ, ಹರಿದ ಕಾಗದದ ತುಂಡುಗಳನ್ನು ಒತ್ತಿ ಎತ್ತಿ, ಕೆಲವು ಕಡೆ ಬಣ್ಣವನ್ನು ತೆಗೆದು, ಬಹಳ ನಿಧಾನವಾಗಿ ಕೆಲಸ ಮಾಡುತ್ತಿದ್ದರು. ವರ್ಷಕ್ಕೆ ಕೆಲವೇ ಚಿತ್ರಗಳು ಪೂರ್ಣಗೊಳ್ಳುತ್ತಿದ್ದವು. ತಮ್ಮ ಚಿತ್ರಗಳನ್ನು ಅಮೂರ್ತವೆಂದು ಕರೆಯುವುದಕ್ಕೂ ಅವರು ಒಪ್ಪುತ್ತಿರಲಿಲ್ಲ. 2001ರಲ್ಲಿ ಅವರು ತೀರಿಕೊಂಡ ಮೇಲೆ, 2014ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಸಂಗ್ರಹಾಲಯ ಅವರ ಜೀವಮಾನದ ಕೃತಿಗಳ ದೊಡ್ಡ ಪ್ರದರ್ಶನವನ್ನು ನಡೆಸಿತು. ಮಠದ ಶಿಸ್ತು ಎಂದರೆ ಏನೆಂದು ಕೇಳಿದರೆ, ಯಾವ ಮಠಕ್ಕೂ ಸೇರದ ಈ ಮನುಷ್ಯನ ಕೆಲಸದ ಕ್ರಮವನ್ನು ನಾನು ತೋರಿಸುತ್ತೇನೆ.

ನಮ್ಮವರೇ ಆದ ಕೆ. ಕೆ. ಹೆಬ್ಬಾರರನ್ನೂ ಮಕ್ಕಳಿಗೆ ಪರಿಚಯಿಸಿ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ಕಲಿತು, ಕಲಿಸಿ, 1996ರಲ್ಲಿ ಅದೇ ನಗರದಲ್ಲಿ ಕೊನೆಯುಸಿರೆಳೆದ ಹೆಬ್ಬಾರರು ಆಕೃತಿಯನ್ನು ಪೂರ್ತಿಯಾಗಿ ಬಿಟ್ಟವರಲ್ಲ. ಆದರೆ ಅವರ ರೇಖಾಚಿತ್ರಗಳಲ್ಲಿ ಕುಣಿಯುವ ದೇಹ ಹೇಗೆ ಎರಡು ಮೂರು ಬಾಗಿದ ಗೆರೆಗಳಿಗೆ ಇಳಿಯುತ್ತದೆ ಎಂಬುದನ್ನು ನೋಡಿದ ಮಗು, ಇನ್ನೂ ಒಂದು ಗೆರೆ ಕಡಿಮೆಯಾದರೆ ಏನಾಗಬಹುದೆಂದು ತಾನೇ ಯೋಚಿಸುತ್ತದೆ. ಅಮೂರ್ತಕ್ಕೆ ಮಕ್ಕಳನ್ನು ಕರೆದೊಯ್ಯಲು ಅದು ಒಳ್ಳೆಯ ದಾರಿ. ಒಂದು ಭೇಟಿಯಲ್ಲಿ ಎರಡು ಮೂರು ಚಿತ್ರಗಳನ್ನು ಮಾತ್ರ ತೋರಿಸಿ, ಪ್ರತಿಯೊಂದರ ಮುಂದೆ ಅವರನ್ನು ನೆಲದ ಮೇಲೆ ಕೂರಿಸಿ. ನಿಂತಿರುವ ಮಗು ಮುಂದಿನ ಚಿತ್ರಕ್ಕೆ ಓಡಲು ಕಾಯುತ್ತಿರುತ್ತದೆ.

ಪ್ರಶ್ನೆ: ನಾನು ಬೋರಿವಲಿಯವನು. ಗೋವಾಕ್ಕೋ ಯೂರೋಪಿಗೋ ಹೋಗಲಾಗದ ನಮ್ಮಂಥವರಿಗೆ ಮುಂಬಯಿಯಲ್ಲಿಯೇ ಹಳೆಯ ಮಠ ಯಾವುದಾದರೂ ಇದೆಯೇ?

ಉತ್ತರ: ನಿಮ್ಮ ಮನೆಯ ಹತ್ತಿರವೇ ಎರಡಿವೆ. ರಾಷ್ಟ್ರೀಯ ಉದ್ಯಾನದೊಳಗಿನ ಕಾನ್ಹೇರಿಯಲ್ಲಿ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳಿವೆ. ಭಿಕ್ಷುಗಳು ಮಲಗುತ್ತಿದ್ದ ಕಲ್ಲಿನ ಜಗುಲಿಗಳೂ ನೀರಿನ ತೊಟ್ಟಿಗಳೂ ಉಳಿದಿವೆ. ಇನ್ನೊಂದು ಮಂಡಪೇಶ್ವರ. ಶೈವ ಗುಹಾಲಯವಾಗಿದ್ದ ಅದನ್ನು 16ನೆಯ ಶತಮಾನದಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳು ಇಗರ್ಜಿಯಾಗಿ ಬಳಸಿದರು. ಅವರ ಕಟ್ಟಡದ ಪಾಳುಗೋಡೆಗಳು ಗುಹೆಯ ಮೇಲಿನ ದಿಬ್ಬದಲ್ಲಿ ಇಂದಿಗೂ ನಿಂತಿವೆ, ಗುಹೆಯಲ್ಲಿ ಕೆತ್ತಿದ ಶಿಲುಬೆಯೊಂದು ಉಳಿದಿದೆ, ಮತ್ತು ಶಿವನಿಗೆ ಅಲ್ಲಿ ಪೂಜೆಯೂ ನಡೆಯುತ್ತದೆ. ಚಿತ್ರಗಳನ್ನು ನೋಡಲು ದಕ್ಷಿಣ ಮುಂಬಯಿಯ ಕಾಲಾ ಘೋಡಾಕ್ಕೆ ಹೋಗಿ: 1952ರಲ್ಲಿ ತೆರೆದ ಜಹಾಂಗೀರ್ ಕಲಾ ಗ್ಯಾಲರಿಯೂ, ಕಾವಸ್ಜಿ ಜಹಾಂಗೀರ್ ಹಾಲ್‌ನಲ್ಲಿ 1996ರಿಂದ ಇರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯೂ ನಡೆದುಹೋಗುವಷ್ಟು ಹತ್ತಿರದಲ್ಲಿವೆ.

ಪ್ರಶ್ನೆ: ಮಡಗಾಂವ್ ಸಮೀಪದ ಹಳೆಯ ಧಾರ್ಮಿಕ ಕಟ್ಟಡವೊಂದರಲ್ಲಿ ನಮ್ಮ ಗೆಳೆಯರ ಬಳಗದ ಅಮೂರ್ತ ಚಿತ್ರಗಳನ್ನು ತೋರಿಸಲು ಅಲ್ಲಿನವರು ಒಪ್ಪಿದ್ದಾರೆ. ಮುರಕಲ್ಲಿನ ಗೋಡೆ, ಸುಣ್ಣದ ಗಾರೆ. ಏನೇನು ಎಚ್ಚರಿಕೆ ವಹಿಸಬೇಕು?

ಉತ್ತರ: ಮೊದಲನೆಯದಾಗಿ, ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಬೇಡಿ. ಮುರಕಲ್ಲು ರಂಧ್ರಗಳಿಂದ ಕೂಡಿದ ಕಲ್ಲು. ಮಳೆಗಾಲದಲ್ಲಿ ನೀರನ್ನು ಹೀರಿಕೊಂಡು, ಬೇಸಿಗೆಯಲ್ಲಿ ಸುಣ್ಣದ ಗಾರೆಯ ಮೂಲಕ ಅದನ್ನು ಹೊರಗೆ ಬಿಡುತ್ತದೆ. ನೀರಿನೊಡನೆ ಬರುವ ಉಪ್ಪು ಗಾರೆಯ ಮೇಲೆ ಬಿಳಿಯಾಗಿ ಕಟ್ಟುತ್ತದೆ, ಮೊಳೆಗೆ ತುಕ್ಕು ಹಿಡಿಸುತ್ತದೆ, ತುಕ್ಕು ಹಿಡಿದ ಮೊಳೆ ಉಬ್ಬಿ ಗಾರೆಯನ್ನು ಸೀಳುತ್ತದೆ. ಪ್ರದರ್ಶನಕ್ಕಾಗಿ ಗೋಡೆಗೆ ಹೊಳಪಿನ ಪ್ಲಾಸ್ಟಿಕ್ ಬಣ್ಣ ಬಳಿಯುವ ಸಲಹೆಯನ್ನು ಯಾರಾದರೂ ಕೊಟ್ಟರೆ ದಯವಿಟ್ಟು ನಿರಾಕರಿಸಿ. ಹೊರಬರಲು ದಾರಿಯಿಲ್ಲದ ತೇವ ಗೋಡೆಯೊಳಗೇ ನಿಂತು ಗಾರೆಯನ್ನು ಉದುರಿಸುತ್ತದೆ. ನೆಲದ ಮೇಲೆ ತಾನಾಗಿ ನಿಲ್ಲುವ ಮರದ ಚೌಕಟ್ಟುಗಳನ್ನು ಮಾಡಿಸಿ, ಅವುಗಳ ಪಾದಕ್ಕೆ ಬಟ್ಟೆಯ ಮೆತ್ತೆ ಹಾಕಿಸಿ, ಚಿತ್ರಗಳನ್ನು ಅವುಗಳಿಗೆ ತೂಗುಹಾಕಿ. ಚಿತ್ರದ ಬೆನ್ನಿಗೂ ಗೋಡೆಗೂ ನಡುವೆ ಗಾಳಿಯಾಡಲು ಜಾಗವಿರಲಿ.

ಕಾಲವನ್ನು ನವೆಂಬರಿನಿಂದ ಫೆಬ್ರವರಿಯ ನಡುವೆ ಆರಿಸಿಕೊಳ್ಳಿ. ಗಾಳಿಯ ಸಾಪೇಕ್ಷ ತೇವಾಂಶ 65 ಶೇಕಡಾವನ್ನು ದಾಟಿ ಬಹಳ ದಿನ ನಿಂತರೆ ಕ್ಯಾನ್ವಾಸಿನ ಬೆನ್ನಿಗೆ ಬೂಷ್ಟು ಹಿಡಿಯುತ್ತದೆ. ಗೋವಾದ ಮಳೆಗಾಲದಲ್ಲಿ ತೇವಾಂಶ ಅದಕ್ಕಿಂತ ಎಷ್ಟೋ ಮೇಲಿರುತ್ತದೆ. ಹಗಲು ಮಾತ್ರ ಏಸಿ ಹಾಕಿ ರಾತ್ರಿ ನಿಲ್ಲಿಸುವುದು ಏನೂ ಹಾಕದೆ ಇರುವುದಕ್ಕಿಂತ ಕೆಟ್ಟದ್ದು, ಏಕೆಂದರೆ ದಿನವೂ ಹಿಗ್ಗಿ ಕುಗ್ಗುವ ಕ್ಯಾನ್ವಾಸಿನ ಮೇಲೆ ಬಣ್ಣ ಬಿರುಕು ಬಿಡುತ್ತದೆ. ಕಿಟಕಿಗಳನ್ನು ತೆರೆದಿಟ್ಟು ಗಾಳಿ ಹರಿಯಗೊಡಿ, ಆದರೆ ನೇರ ಬಿಸಿಲು ಚಿತ್ರದ ಮೇಲೆ ಬೀಳದಂತೆ ಸ್ಥಳ ಗುರುತಿಸಿ. ತೈಲವರ್ಣ, ಅಕ್ರಿಲಿಕ್‌ಗಳಿಗೆ 150ರಿಂದ 200 ಲಕ್ಸ್ (ಬೆಳಕಿನ ಅಳತೆಯ ಮಾನ) ಬೆಳಕು ಸಾಕು. ಜಲವರ್ಣ ಮತ್ತು ಕಾಗದದ ಕೆಲಸಗಳಿದ್ದರೆ 50 ಲಕ್ಸ್‌ಗಿಂತ ಹೆಚ್ಚು ಬೇಡ.

ಚಿತ್ರಗಳ ಸಂಖ್ಯೆಯ ವಿಷಯದಲ್ಲಿ ಬಳಗದೊಳಗೆ ಚರ್ಚೆ ಏಳಬಹುದು, ಎಲ್ಲರಿಗೂ ಸಮಾನ ಅವಕಾಶ ಬೇಕೆನ್ನುವುದು ಸಹಜ. ಆದರೂ ಪ್ರತಿಯೊಬ್ಬರಿಂದ ಒಂದೊಂದೇ ಚಿತ್ರ ತೆಗೆದುಕೊಳ್ಳಿ ಎಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಯಾವ ಚಿತ್ರ ಎಲ್ಲಿರಬೇಕೆಂಬುದನ್ನು ಕಾಗದದ ಮೇಲೆ ನಿರ್ಧರಿಸದೆ, ಬೆಳಿಗ್ಗೆ, ನಡುಮಧ್ಯಾಹ್ನ ಮತ್ತು ಸಂಜೆಯ ಬೆಳಕಿನಲ್ಲಿ ಚಿತ್ರಗಳನ್ನು ಅಲ್ಲಿಯೇ ಇಟ್ಟು ನೋಡಿ ತೀರ್ಮಾನಿಸಿ. ಪ್ರಾರ್ಥನೆಯ ವೇಳೆಗಳನ್ನು ಅಲ್ಲಿನವರಿಂದ ಮೊದಲೇ ಬರೆಸಿಕೊಂಡು, ಆ ಹೊತ್ತಿನಲ್ಲಿ ಪ್ರದರ್ಶನವನ್ನು ಮುಚ್ಚಿಡಿ, ಮತ್ತು ಆ ಸಮಯವನ್ನು ಆಮಂತ್ರಣ ಪತ್ರಿಕೆಯಲ್ಲಿಯೇ ಅಚ್ಚು ಹಾಕಿಸಿ.